ಅಂಗಡಿಗೂ ವಿಧಾನಸೌಧಕ್ಕೂ ನಡುವಿನ ಮೆಟ್ಟಿಲುಗಳು

ಕೇಳುಗರಿಗೆ ನಮಸ್ಕಾರ.

ನಮ್ಮ ರಾಜ್ಯದ ರಾಜಕೀಯದಲ್ಲಿ ಹಳ್ಳಿ ಕಡೆಯ ವ್ಯಾಪಾರದಿಂದ ಬಂದವರು ಬಹಳ ಜನ ಇದ್ದಾರೆ. ಅಕ್ಕಿ ಗಿರಣಿ, ಗೊಬ್ಬರದ ಅಂಗಡಿ, ಮಂಡಿ, ಜಲ್ಲಿ ಕ್ರಷರ್, ರಸ್ತೆ ಕಾಮಗಾರಿ, ಹೀಗೆ. ಇಂಥವರು ಚುನಾವಣೆಗೆ ನಿಂತರೆ, "ದುಡ್ಡಿದೆ, ಬಂದ್ರು" ಅಂತ ಒಂದೇ ಮಾತಲ್ಲಿ ಮುಗಿಸಿಬಿಡುತ್ತೇವೆ. ನನಗೆ ಆ ಮಾತು ಪೂರ್ತಿ ಒಪ್ಪಿಗೆಯಿಲ್ಲ. ದುಡ್ಡು ಇರುವುದು ನಿಜ. ಆದರೆ ಅವರು ಯಾವ ದಾರಿ ಹಿಡಿದು ಬಂದರು ಅನ್ನುವುದನ್ನೂ ನೋಡಬೇಕಲ್ವಾ?

ಸುಗ್ಗಿಯ ಹೊತ್ತಿನಲ್ಲಿ ಎಪಿಎಂಸಿ ಯಾರ್ಡಿನ ಯಾವುದಾದರೂ ದಲಾಲಿ ಅಂಗಡಿಗೆ ಹೋಗಿ. ಮೆಕ್ಕೆಜೋಳದ ಚೀಲ ಇಳಿಯುತ್ತಿರುತ್ತವೆ. ಹಮಾಲರು ಚೀಲಗಳನ್ನು ಎತ್ತಿ ಕಾಟಾ ಮೇಲೆ ಇಡುತ್ತಾರೆ. ಗುಮಾಸ್ತ ತೂಕ ಕೂಗಿ ಬರೆದುಕೊಳ್ಳುತ್ತಾನೆ. ಸಾಹುಕಾರರ ಮುಂದೆ ಇನ್ನೊಂದು ಪುಸ್ತಕ ಇರುತ್ತದೆ. ಬಿತ್ತನೆಗೆ, ಮಗಳ ಮದುವೆಗೆ, ಆಸ್ಪತ್ರೆಗೆ ಅಂತ ರೈತ ತಗೊಂಡ ಮುಂಗಡವೆಲ್ಲ ಅದರಲ್ಲಿದೆ. ಪಟ್ಟಿ ಮಾಡುವಾಗ ಅದನ್ನು ಮುರಿದುಕೊಂಡು, ಉಳಿದದ್ದನ್ನು ರೈತನ ಕೈಗೆ ಕೊಡುತ್ತಾರೆ.

ಯಾರ ಬೋರ್‌ವೆಲ್ ಬತ್ತಿದೆ, ಯಾರ ಮನೆಯಲ್ಲಿ ಕಷ್ಟ ಇದೆ ಅನ್ನುವುದು ಆ ಸಾಹುಕಾರರಿಗೆ ಗೊತ್ತಿರುವಷ್ಟು ಯಾವ ಅಧಿಕಾರಿಗೂ ಗೊತ್ತಿರುವುದಿಲ್ಲ. ಇದು ದೊಡ್ಡ ತಿಳಿವಳಿಕೆ. ಶಾಸಕರಾದವರಿಗೆ ಖಂಡಿತ ಬೇಕಾದದ್ದು. ಆದರೆ ಅಂಗಡಿ ಕಟ್ಟೆಯ ಮುಂದೆ ನಿಂತ ರೈತ ಸಾಲಗಾರ. ಅವನು ಎದುರು ಮಾತಾಡಲಾರ. ನನ್ನ ಚಿಂತೆ ಇರುವುದು ಇಲ್ಲೇ. ಆ ಋಣ ಹಾಗೇ ಓಟಾಗಿಬಿಟ್ಟರೆ, ಗೆದ್ದವರನ್ನು ಪ್ರಶ್ನೆ ಕೇಳುವ ಧೈರ್ಯ ಯಾರಿಗೆ ಬರುತ್ತದೆ?

ಅದಕ್ಕೇ ನಡುವೆ ಕೆಲವು ಮೆಟ್ಟಿಲು ಬೇಕು. ಮೊದಲನೆಯದು ಸಹಕಾರ ಸಂಘ. 1905ರಲ್ಲೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಾಲದ ಸಹಕಾರ ಸಂಘ ಕಟ್ಟಿದ ನಾಡು ನಮ್ಮದು. ಸಂಘದಲ್ಲಿ ಸರ್ವ ಸದಸ್ಯರ ಸಭೆ ಇರುತ್ತದೆ, ಆಡಿಟ್ ಇರುತ್ತದೆ. ಅಂಗಡಿಯಲ್ಲಿ ತಲೆ ತಗ್ಗಿಸಿ ನಿಂತವನೇ ಅಲ್ಲಿ ಎದ್ದು ನಿಂತು, "ಈ ಖರ್ಚು ಯಾಕೆ ಜಾಸ್ತಿ ಆಯ್ತು, ಅಧ್ಯಕ್ಷರೇ?" ಅಂತ ಕೇಳಬಹುದು.

ಎರಡನೆಯದು ಪಂಚಾಯತಿ, ಪುರಸಭೆಯಂಥ ಸ್ಥಳೀಯ ಸಂಸ್ಥೆ. ಈ ಮೆಟ್ಟಿಲುಗಳನ್ನು ಹತ್ತಿ ಬಂದವರನ್ನು ನೋಡಿ. ಎಚ್.ಡಿ. ದೇವೇಗೌಡರು ಸಿವಿಲ್ ಡಿಪ್ಲೊಮಾ ಓದಿ ಗುತ್ತಿಗೆ ಕೆಲಸ ಮಾಡಿದವರು. ಹೊಳೆನರಸೀಪುರದ ಆಂಜನೇಯ ಸಹಕಾರ ಸಂಘದ ಅಧ್ಯಕ್ಷರಾದರು. ತಾಲ್ಲೂಕು ಅಭಿವೃದ್ಧಿ ಮಂಡಳಿ ಸದಸ್ಯರಾದರು. 1962ರಲ್ಲಿ ಪಕ್ಷೇತರರಾಗಿ ನಿಂತು ವಿಧಾನಸಭೆಗೆ ಗೆದ್ದರು. ಮುಂದೆ ಲೋಕೋಪಯೋಗಿ ಮತ್ತು ನೀರಾವರಿ ಸಚಿವರಾಗಿದ್ದಾಗ, ನೀರಾವರಿಗೆ ಹಣ ಸಾಲದು ಅಂತ ರಾಜೀನಾಮೆಯನ್ನೂ ಕೊಟ್ಟರು. 1989ರಲ್ಲಿ ಸೋತರು. 1994ರ ಡಿಸೆಂಬರ್‌ನಲ್ಲಿ ಮುಖ್ಯಮಂತ್ರಿ ಆದರು. ಮಣ್ಣಿನ ಕೆಲಸ ಕಂಡವರಿಗೆ ನೀರಾವರಿ ಮೇಲೆ ಅಷ್ಟು ಹಟ ಇದ್ದದ್ದು ನನಗೆ ಸಹಜ ಅನ್ನಿಸುತ್ತದೆ.

ಬಿ.ಎಸ್. ಯಡಿಯೂರಪ್ಪ ಅವರು ಮಂಡ್ಯ ಜಿಲ್ಲೆಯ ಬೂಕನಕೆರೆಯಲ್ಲಿ ಹುಟ್ಟಿ, ಶಿಕಾರಿಪುರದ ಅಕ್ಕಿ ಗಿರಣಿಯಲ್ಲಿ ಗುಮಾಸ್ತರಾಗಿದ್ದವರು. ಶಿವಮೊಗ್ಗದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟರು. ಶಿಕಾರಿಪುರದ ಪುರಸಭೆಯಲ್ಲಿ ಕೂತರು. 1983ರಲ್ಲಿ ಶಾಸಕರಾದರು, 1999ರಲ್ಲಿ ಸೋತರು, 2008ರಲ್ಲಿ ಮುಖ್ಯಮಂತ್ರಿಯಾಗಿ ಸರ್ಕಾರ ಕಟ್ಟಿದರು. ಅಕ್ರಮ ಗಣಿಗಾರಿಕೆ ಬಗ್ಗೆ ಲೋಕಾಯುಕ್ತರ ವರದಿ ಬಂದಾಗ, 2011ರಲ್ಲಿ ಕುರ್ಚಿ ಬಿಡಬೇಕಾಯಿತು. ಮೆಟ್ಟಿಲು ಹತ್ತಿ ಬಂದರೆ ಎಲ್ಲವೂ ಸರಿಹೋಗುತ್ತದೆ ಅಂತ ನಾನು ಹೇಳುತ್ತಿಲ್ಲ. ಆದರೆ ಹತ್ತುತ್ತಾ ಬಂದವರನ್ನು ಅಳೆದು ನೋಡುವುದಕ್ಕೆ ಜನಕ್ಕೆ ಸಮಯ ಸಿಕ್ಕಿರುತ್ತದೆ.

ಈಗ ಆ ಸಮಯವೇ ಸಿಗುತ್ತಿಲ್ಲ ಅನ್ನುವುದು ನನ್ನ ನೋವು. 'ನೀರ್ ಸಾಬ್' ಅಂತಲೇ ಜನ ಕರೆಯುತ್ತಿದ್ದ, ಪಂಚಾಯತಿ ಖಾತೆಯ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರು ಹಟ ಹಿಡಿದು 1983ರ ಪಂಚಾಯತಿ ಕಾಯ್ದೆ ತಂದರು. 1987ರಲ್ಲಿ ಅದರ ಕೆಳಗೆ ಚುನಾವಣೆ ಆಯಿತು. ಎಷ್ಟೋ ಹೊಸಬರು ಅಧಿಕಾರ ಅಂದರೆ ಏನು ಅಂತ ಕಲಿತದ್ದು ಆಗ. ಅಂಥ ನಾಡಿನಲ್ಲಿ, 2016ರಲ್ಲಿ ಆರಿಸಿ ಬಂದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ಮುಂದಕ್ಕೆ ಹೋಗುತ್ತಲೇ ಇತ್ತು. ನಡುವಿನ ಮೆಟ್ಟಿಲು ಇಲ್ಲದಿದ್ದರೆ ಏನಾಗುತ್ತದೆ? ಕಾಸಿದ್ದವರು ಅಂಗಡಿಯಿಂದ ನೇರ ಟಿಕೆಟ್‌ಗೆ ಹಾರುತ್ತಾರೆ. ಒಳ್ಳೆ ಕೆಲಸಗಾರ್ತಿಯಾದ ಪಂಚಾಯತಿ ಸದಸ್ಯೆ ಅಲ್ಲೇ ನಿಂತುಬಿಡುತ್ತಾರೆ.

ಕಾನೂನು ಸ್ವಲ್ಪ ಕಾವಲು ಕಾಯುತ್ತದೆ. ಪ್ರಜಾಪ್ರತಿನಿಧಿ ಕಾಯ್ದೆಯ 9ಎ ಕಲಂ ಪ್ರಕಾರ, ರಾಜ್ಯ ಸರ್ಕಾರದ ಕಾಮಗಾರಿಯ ಅಥವಾ ಸಾಮಾನು ಪೂರೈಕೆಯ ಗುತ್ತಿಗೆ ಚಾಲ್ತಿಯಲ್ಲಿ ಇರುವವರು ಶಾಸಕರಾಗುವಂತಿಲ್ಲ. ಆದರೆ ಗುತ್ತಿಗೆ ಮನೆಯವರ ಹೆಸರಲ್ಲಿದ್ದರೆ ಈ ಕಲಂ ಅಷ್ಟು ಸಲೀಸಾಗಿ ಮುಟ್ಟುವುದಿಲ್ಲ. ವಿಧಾನಸಭೆ ಅಭ್ಯರ್ಥಿಯ ಖರ್ಚಿನ ಮಿತಿ 2022ರಿಂದ ನಮ್ಮಲ್ಲಿ 40 ಲಕ್ಷ ರೂಪಾಯಿ. ಫಲಿತಾಂಶ ಬಂದ 30 ದಿನದೊಳಗೆ ಲೆಕ್ಕ ಕೊಡಬೇಕು.

ಉಳಿದ ಕೆಲಸ ನಮ್ಮದು. ನಾಮಪತ್ರದ ಜೊತೆ ಪ್ರತಿಯೊಬ್ಬ ಅಭ್ಯರ್ಥಿಯೂ ಪ್ರಮಾಣಪತ್ರ ಕೊಡುತ್ತಾರೆ. ಚುನಾವಣಾ ಆಯೋಗದ ವೆಬ್‌ಸೈಟ್‌ನಲ್ಲಿ ಅದು ಯಾರಿಗೂ ಸಿಗುತ್ತದೆ. ಟಿವಿಯವರು ಆಸ್ತಿ ಎಷ್ಟು ಕೋಟಿ ಅನ್ನುವುದನ್ನೇ ತೋರಿಸುತ್ತಾರೆ. ನೀವು ಅಷ್ಟಕ್ಕೇ ನಿಲ್ಲಿಸಬೇಡಿ. ಅಭ್ಯರ್ಥಿಗೆ, ಅವರ ಗಂಡ ಅಥವಾ ಹೆಂಡತಿಗೆ ಸರ್ಕಾರದ ಜೊತೆ ಯಾವ ಗುತ್ತಿಗೆ ಇದೆ ಅನ್ನುವ ಕಲಮನ್ನು ಓದಿ. ಸಾಲ ಎಲ್ಲಿದೆ, ಸರ್ಕಾರಕ್ಕೆ ಕಟ್ಟಬೇಕಾದ ಬಾಕಿ ಎಷ್ಟಿದೆ ನೋಡಿ. ಮನೆಗೆ ಓಟು ಕೇಳಲು ಬಂದಾಗ ಅದೇ ಹಾಳೆ ಹಿಡಿದು ಕೇಳಿ.

ನಮಸ್ಕಾರ.