ಒತ್ತಕ್ಷರಕ್ಕೆ ಒಂದಿಷ್ಟು ಜಾಗ

ಕೇಳುಗರಿಗೆಲ್ಲ ನಮಸ್ಕಾರ. ಸಕಲೇಶಪುರದ ಕಡೆ ಒಂದು ಸರ್ಕಾರಿ ಶಾಲೆಯಲ್ಲಿ ನಾನು ನಲಿ-ಕಲಿ ಮಕ್ಕಳಿಗೆ ಪಾಠ ಮಾಡುತ್ತೇನೆ. ಒಂದು, ಎರಡು, ಮೂರನೇ ತರಗತಿ, ಮೂರೂ ಒಂದೇ ಕೋಣೆಯಲ್ಲಿ. ಇವತ್ತು ಮಕ್ಕಳು ಬರೆಯುವ ಗೆರೆ ಹಾಳೆ ಮತ್ತು ಗೋಡೆಯ ಚಾರ್ಟಿನ ಬಗ್ಗೆ ಮಾತಾಡಬೇಕು ಅಂತ ಬಂದಿದ್ದೇನೆ.

ಹೋದ ವರ್ಷ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಕ್ಕ ನಾಲ್ಕು ಗೆರೆ ಹಾಳೆಯನ್ನು ಪ್ರಿಂಟ್ ಹಾಕಿಸಿ ಎಲ್ಲರಿಗೂ ಹಂಚಿದೆ. ಎರಡನೇ ತರಗತಿಯ ಹುಡುಗಿಯೊಬ್ಬಳು ‘ಗುಡ್ಡದ ಮೇಲೆ ಮಳೆ’ ಅಂತ ಬರೆದಳು. ಕೆಳಗಿನ ಸಾಲಿನಲ್ಲಿ ‘ಹಳ್ಳಿಗೆ ಬಂತು ನೀರು’. ಗುಡ್ಡದ ಡ ಒತ್ತು ಜಾರಿ ಬಂದು ಹಳ್ಳಿಯ ಗುಡಿಸಿಗೆ ಸಿಕ್ಕಿಕೊಂಡಿತ್ತು. ಕೈಬರಹ ಸರಿಯಿಲ್ಲ ಅಂದುಕೊಂಡು ಮೂರು ಸಲ ಬರೆಸಿದೆ. ಮೂರು ಸಲವೂ ಹಾಗೇ ಆಯಿತು. ಆಮೇಲೆ ಅದೇ ಹಾಳೆಯಲ್ಲಿ ನಾನೇ ಬರೆದು ನೋಡಿದೆ. ನನ್ನ ಒತ್ತೂ ಸಿಕ್ಕಿಕೊಂಡಿತು. ಮಗುವಿನದೇನೂ ತಪ್ಪಿರಲಿಲ್ಲ. ಈಗ ನೆನೆಸಿಕೊಂಡರೂ ಬೇಜಾರಾಗುತ್ತದೆ.

ಆ ನಾಲ್ಕು ಗೆರೆ ಇರುವುದು ಇಂಗ್ಲಿಷ್ ಅಕ್ಷರಕ್ಕೆ. ನಮ್ಮ ಅಕ್ಷರ ದುಂಡಗೆ, ನಡುವೆ ಅದಕ್ಕೆ ಜಾಸ್ತಿ ಜಾಗ ಬೇಕು. ಮೇಲೆ ಗುಡಿಸು, ಕೆಳಗೆ ಒತ್ತು. ‘ರಾಷ್ಟ್ರ’ ಅಂತ ಬರೆಯುವಾಗ ಒಂದೇ ಷ ಅಕ್ಷರಕ್ಕೆ ಟ, ರ ಎರಡು ಒತ್ತು ಬರುತ್ತವೆ. ಅವಕ್ಕೆಲ್ಲ ಜಾಗ ಎಲ್ಲಿಂದ ತರುವುದು?

ಕೊನೆಗೆ ನಾನೇ ಗೆರೆ ಹಾಕಿದೆ. ಸಾದಾ ಎ4 ಹಾಳೆ, ಸ್ಕೇಲು, ಕಪ್ಪು ಪೆನ್ನು ಇದ್ದರೆ ಸಾಕು. ಅಕ್ಷರಕ್ಕೆ 12 ಮಿಲಿಮೀಟರ್, ಅದರ ಕೆಳಗೆ 10 ಮಿಲಿಮೀಟರ್ ಖಾಲಿ. ಎ4 ಹಾಳೆ 297 ಮಿಲಿಮೀಟರ್ ಉದ್ದ ಇರುವುದರಿಂದ 12 ಸಾಲು ಹಿಡಿಸುತ್ತದೆ, ಮೇಲೆ ಹೆಸರು ಬರೆಯುವಷ್ಟು ಜಾಗವೂ ಉಳಿಯುತ್ತದೆ. ಒಂದು ಹಾಳೆ ಗೆರೆ ಹಾಕಿಟ್ಟುಕೊಂಡರೆ ವರ್ಷವಿಡೀ ಅದನ್ನೇ ಜೆರಾಕ್ಸ್ ಮಾಡಿಸಬಹುದು.

ಕಂಪ್ಯೂಟರಿನಲ್ಲಿ ಮಾಡುವವರು ಎರಡು ವಿಷಯ ನೋಡಿಕೊಳ್ಳಿ. ಕನ್ನಡ ಬರಹ ಇರುವ ಫೈಲನ್ನು ಪಿಡಿಎಫ್ ಮಾಡಿಯೇ ಅಂಗಡಿಗೆ ಒಯ್ಯಿರಿ. ನಿಮ್ಮ ಫಾಂಟು ಅವರ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಒತ್ತುಗಳೆಲ್ಲ ಚೆಲ್ಲಾಪಿಲ್ಲಿಯಾಗುತ್ತವೆ. ಇನ್ನೊಂದು, ಪ್ರಿಂಟ್ ಕೊಡುವಾಗ ‘ಫಿಟ್ ಟು ಪೇಜ್’ ಬೇಡ, ‘ಆ್ಯಕ್ಚುಯಲ್ ಸೈಜ್’ ಹಾಕಿ ಅಂತ ಹೇಳಿ. ಇಲ್ಲದಿದ್ದರೆ ಹಾಳೆ ಕುಗ್ಗಿ ಬರಬಹುದು. ಗೆರೆ ಹಾಳೆಗೆ ಅದು ಹೇಗೋ ನಡೆಯುತ್ತದೆ, ಗ್ರಾಫ್ ಹಾಳೆಗೆ ನಡೆಯುವುದಿಲ್ಲ. ಒಂದು ಸೆಂಟಿಮೀಟರಿನ ಚೌಕ ಒಂಬತ್ತೂವರೆ ಮಿಲಿಮೀಟರ್ ಆದರೆ ಮಗು ಅಳತೆಯನ್ನೇ ತಪ್ಪು ಕಲಿಯುತ್ತದೆ. ಮೊದಲ ಪ್ರತಿ ಬಂದ ಕೂಡಲೇ ಸ್ಕೇಲ್ ಇಟ್ಟು ನೋಡಿ.

ಗೋಡೆಯ ಚಾರ್ಟಿಗೆ ದೊಡ್ಡ ಪ್ರಿಂಟರ್ ಬೇಕಂತಿಲ್ಲ. ಎರಡು ಎ4 ಜೋಡಿಸಿದರೆ ಎ3, ನಾಲ್ಕು ಜೋಡಿಸಿದರೆ ಎ2. ಹತ್ತು ಅಡಿ ದೂರದಲ್ಲಿ ಕೂತ ಮಗುವಿಗೆ ಅಕ್ಷರ ಒಂದು ಇಂಚಾದರೂ ಎತ್ತರ ಇರಲಿ.

ನನಗೆ ತುಂಬ ಇಷ್ಟದ್ದು ನೂರರ ಚೌಕ. ಸಾಲಿಗೆ ಹತ್ತರಂತೆ 1ರಿಂದ 100. ಬಣ್ಣದ ಪ್ರಿಂಟ್ ಬೇಡ, ಬಣ್ಣ ಮಕ್ಕಳೇ ಹಚ್ಚಲಿ. ಒಂಬತ್ತರ ಮಗ್ಗಿಗೆ ಹಚ್ಚಿಸಿ: 9, 18, 27 ಅಂತ ಬಲದಿಂದ ಎಡಕ್ಕೆ ಓರೆಯಾಗಿ ಇಳಿದು 81ಕ್ಕೆ ಅಂಚು ಮುಟ್ಟುತ್ತದೆ. ಹನ್ನೊಂದರದು ಅದಕ್ಕೆ ಎದುರು ದಿಕ್ಕಿಗೆ ಇಳಿಯುತ್ತದೆ. ಇದನ್ನು ನೀವು ಮೊದಲೇ ಹೇಳಿಬಿಡಬೇಡಿ. ಅವರೇ ಕಂಡುಕೊಂಡು ‘ಮಿಸ್, ಇಲ್ಲಿ ನೋಡಿ’ ಅಂತ ಓಡಿ ಬರುತ್ತಾರೆ.

ನಮ್ಮ ಕಡೆ ಮಳೆ ಹಿಡಿದರೆ ಬಿಡುವುದಿಲ್ಲ, ಅಲ್ವಾ? ಮೈದಾ ಅಂಟಿನಲ್ಲಿ ಗೋಡೆಗೆ ಅಂಟಿಸಿದ ಚಾರ್ಟು ಬೂಸಲು ಬಂದು ಸುಮ್ನೆ ಹಾಳಾಗುತ್ತದೆ. ನಲಿ-ಕಲಿ ಕೋಣೆಯಲ್ಲಿ ಹೇಗೂ ದಾರದ ಚಪ್ಪರ ಇರುತ್ತದೆ. ಅದಕ್ಕೇ ಬಟ್ಟೆ ಕ್ಲಿಪ್ಪಿನಲ್ಲಿ ತೂಗುಹಾಕಿ, ಗಾಳಿಯಾಡಲಿ.

ಗೆರೆ ಹಾಕಿದ ಮೂಲ ಹಾಳೆಯನ್ನು ಮಾತ್ರ ಜೋಪಾನ ಮಾಡಿ. ಪ್ರತಿಯ ಪ್ರತಿ ತೆಗೆಸುತ್ತಾ ಹೋದರೆ ಗೆರೆ ಮಾಸುತ್ತದೆ, ಓರೆಯಾಗುತ್ತದೆ. ಪ್ಲಾಸ್ಟಿಕ್ ಕವರಿಗೆ ಹಾಕಿ ಬೀರುವಿನ ಮೇಲಿನ ಅರೆಯಲ್ಲಿಡಿ. ಜೂನ್ ಬಂದರೆ ಕೆಳಗಿನ ಅರೆಗೆ ಥಂಡಿ ಏರುತ್ತದೆ. ನಮಸ್ಕಾರ.