ಗೋಡೆಗೊಂದು ಗೆರೆ ಎಳೆಯಿರಿ ಮಾರಾಯ್ರೆ

ನಮಸ್ಕಾರ, ಮಂಗಳೂರಿನಿಂದ ಮಾತಾಡುತ್ತಿದ್ದೇನೆ. ಹೊರಗೆ ಮಳೆ ಹೊಡೆಯುತ್ತಾ ಉಂಟು, ಸದ್ದು ಬಂದರೆ ಸ್ವಲ್ಪ ಸಹಿಸಿಕೊಳ್ಳಿ.

ಕಳೆದ ವಿಡಿಯೊ ನೋಡಿ ಒಬ್ಬರು ಬರೆದಿದ್ದಾರೆ: "ಅಕ್ಕ, ಮಕ್ಕಳ ಎತ್ತರ ನೋಡಲಿಕ್ಕೆ ಫೋನೇ ಉಂಟಲ್ಲ, ಇನ್ನೂ ಗೋಡೆಗೆ ಪೆನ್ಸಿಲ್ ಗೀಚುವುದು ಎಂತಕ್ಕೆ?" ಎಂತಕ್ಕೆ ಅಂತ ಹೇಳುತ್ತೇನೆ, ಕೇಳಿ.

ಮೊನ್ನೆ ಕಟಪಾಡಿಯಲ್ಲಿ ಒಂದು ಮದುವೆ. ಊಟಕ್ಕೆ ಇನ್ನೂ ಎಲೆ ಹಾಕಿರಲಿಲ್ಲ. ನಮ್ಮ ಭಾವ ಹೊಸ ಫೋನ್ ತೆಗೆದು ನನ್ನ ಮಗಳನ್ನು ಕಂಬದ ಹತ್ತಿರ ನಿಲ್ಲಿಸಿದರು. ಅವಳಿಗೆ ನಾಲ್ಕು ವರ್ಷ. ಸ್ಕ್ರೀನಿನಲ್ಲಿ 106 ಸೆಂಟಿಮೀಟರ್ ಅಂತ ಬಂತು. ಅದೇ ವಯಸ್ಸಿನ ಇನ್ನೊಬ್ಬ ಹುಡುಗನಿಗೆ 101. ಅವನ ಅಮ್ಮನ ಮುಖ ಸಣ್ಣಗಾಯಿತು. "ಇವನಿಗೆ ಟಾನಿಕ್ ಏನಾದರೂ ಕೊಡಬೇಕಾ ಅಕ್ಕ?" ಅಂತ ಅಲ್ಲೇ ಕೇಳಿದಳು.

ನಾನು ಮಗಳ ತಲೆ ನೋಡಿದೆ. ನೆತ್ತಿಯ ಮೇಲೆ ಜುಟ್ಟು. ಜುಟ್ಟಿನ ಸುತ್ತ ಅರ್ಧ ಚೆಂಡು ಶಂಕರಪುರ ಮಲ್ಲಿಗೆ. ಕಾಲಲ್ಲಿ ದಪ್ಪ ಅಟ್ಟೆಯ ಚಪ್ಪಲಿ. ಫೋನು ಮಲ್ಲಿಗೆಯನ್ನೂ ಸೇರಿಸಿ ಅಳೆದಿತ್ತು! ಮನೆಗೆ ಬಂದು, ಹೂ ತೆಗೆದು, ಗೋಡೆಗೆ ನಿಲ್ಲಿಸಿದರೆ ನೂರಾ ಒಂದೂವರೆ. ಈ ವಯಸ್ಸಿನಲ್ಲಿ ಮಕ್ಕಳು ವರ್ಷಕ್ಕೆ ಬೆಳೆಯುವುದೇ 6–7 ಸೆಂಟಿಮೀಟರ್. ಎಂಟು ತಿಂಗಳು ಬೆಳೆಯಬೇಕಾದಷ್ಟನ್ನು ಆ ಫೋನು ನಿಂತ ನಿಲುವಿನಲ್ಲೇ ಬೆಳೆಸಿಬಿಟ್ಟಿತ್ತು.

ಅದಕ್ಕೇ ಹೇಳುವುದು, ಒಂದು ಸಲದ ಅಳತೆ ಲೆಕ್ಕಕ್ಕಿಲ್ಲ. ಕಳೆದ ಸಲ ಅಳೆದದ್ದಕ್ಕೂ ಈ ಸಲಕ್ಕೂ ಎಷ್ಟು ಬೆಳೆದಿದೆ ಅನ್ನುವುದು ಲೆಕ್ಕ.

"ನಮ್ಮ ಫೋನಿನಲ್ಲಿ ಲೈಡಾರ್ ಉಂಟು" ಅಂತೀರಿ. ಇರಲಿ. ಅದು ಬೆಳಕು ಬಿಟ್ಟು, ವಾಪಸು ಬರುವ ಹೊತ್ತು ನೋಡಿ ದೂರ ಲೆಕ್ಕ ಹಾಕುತ್ತದೆ. ಒಳ್ಳೆಯ ವಿದ್ಯೆಯೇ. ಆದರೆ ಕೂದಲನ್ನು ಒತ್ತಿ ಹಿಡಿಯಲಿಕ್ಕೆ ಅದಕ್ಕೆ ಕೈ ಇಲ್ಲವಲ್ಲ! ಅಂಗನವಾಡಿ ಟೀಚರ್ ಎತ್ತರ ನೋಡುವಾಗ ಗಮನಿಸಿ. ಹಲಗೆಯನ್ನು ತಲೆಗೆ ತಾಗುವವರೆಗೆ ಇಳಿಸಿ ಒತ್ತುತ್ತಾರೆ. ಎರಡು ವರ್ಷದೊಳಗಿನ ಮಗುವನ್ನಂತೂ ಮಲಗಿಸಿಯೇ ಅಳೆಯುತ್ತಾರೆ. ಮಲಗಿಸಿದರೆ ಸುಮಾರು 0.7 ಸೆಂಟಿಮೀಟರ್ ಜಾಸ್ತಿ ಬರುತ್ತದೆ. ಇದು ಗೊತ್ತಿಲ್ಲದೆ, ಎರಡು ತುಂಬಿದ ಮೇಲೆ ನಿಲ್ಲಿಸಿ ಅಳೆದಾಗ ಕಡಿಮೆ ಬಂದದ್ದು ನೋಡಿ "ಮಗು ಗಿಡ್ಡ ಆಯ್ತು" ಅಂತ ಹೆದರಿ ನನಗೆ ಮೆಸೇಜ್ ಮಾಡಿದವರಿದ್ದಾರೆ.

ಯಾವ ವಯಸ್ಸಿಗೆ ಎಷ್ಟು ಎತ್ತರ ಅಂತ ತೋರಿಸುವ ಬೆಳವಣಿಗೆ ಚಾರ್ಟ್ ಉಂಟಲ್ಲ, "ಆ ಚಾರ್ಟೆಲ್ಲ ಫಾರಿನ್ ಮಕ್ಕಳದ್ದು" ಅನ್ನುವವರಿಗೆ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಕೊಟ್ಟ ಚಾರ್ಟಿಗೆ ಆರು ದೇಶದ ಮಕ್ಕಳನ್ನು ಅಳೆದಿದ್ದರು. ಅದರಲ್ಲಿ ಭಾರತವೂ ಉಂಟು, ದೆಹಲಿಯ ಮಕ್ಕಳು. ನಾಲ್ಕು ತುಂಬಿದ ಹುಡುಗಿಗೆ ಚಾರ್ಟಿನ ನಡುಗೆರೆ, ಅಂದರೆ ಅರ್ಧ ಮಕ್ಕಳು ಅದಕ್ಕಿಂತ ಮೇಲೆ, ಅರ್ಧ ಕೆಳಗೆ ಇರುವ ಗೆರೆ, ಸುಮಾರು 103 ಸೆಂಟಿಮೀಟರ್. ಆದರೆ 95 ಇದ್ದರೂ, 111 ಇದ್ದರೂ ಚಾರ್ಟಿನ ಒಳಗೇ. ಹಾಗಿರುವಾಗ ಪಕ್ಕದ ಮನೆ ಮಗುವಿನ ಜೊತೆ ಹೋಲಿಸಿ ಸುಮ್ನೆ ಯಾಕೆ ನಿದ್ದೆ ಕೆಡಿಸಿಕೊಳ್ಳುವುದು? ನಿಮ್ಮ ಮಗು ಚಾರ್ಟಿನಲ್ಲಿ ತನ್ನ ಗೆರೆ ಹಿಡಿದು ಮೇಲೆ ಹೋಗುತ್ತಾ ಉಂಟಾ, ಅದನ್ನು ನೋಡಿ. ಗೆರೆ ಬಿಟ್ಟು ಕೆಳಗೆ ಇಳಿಯುತ್ತಿದ್ದರೆ ಡಾಕ್ಟರ ಹತ್ತಿರ ಹೋಗಿ. ಟಾನಿಕ್ ಅಂಗಡಿಗೆ ಅಲ್ಲ!

ಹಾಂ, ಗೋಡೆಗೆ ಹೇಗೆ ನಿಲ್ಲಿಸುವುದು ಅಂತ ಬೇರೆ ವಿಡಿಯೊ ಮಾಡಿದ್ದೇನೆ, ನೋಡಿ, ಚಾನೆಲ್ ಸಬ್‌ಸ್ಕ್ರೈಬ್ ಮಾಡಿ. ಚುಟುಕಾಗಿ ಹೇಳುವುದಾದರೆ ಬರಿಗಾಲು, ಹಿಮ್ಮಡಿ ಗೋಡೆಗೆ, ದೃಷ್ಟಿ ನೇರ, ತಲೆಯ ಮೇಲೆ ದಪ್ಪ ರಟ್ಟಿನ ಪುಸ್ತಕ. ಪ್ರತಿ ಸಲ ಅದೇ ಗೋಡೆ, ಅದೇ ಹೊತ್ತು. ಬೆಳಿಗ್ಗೆಗಿಂತ ಸಂಜೆ ಎಲ್ಲರೂ ಸ್ವಲ್ಪ ಕುಗ್ಗಿರುತ್ತೇವೆ, ಗೊತ್ತುಂಟಲ್ಲ?

"ಬಾಡಿಗೆ ಮನೆ ಅಕ್ಕ, ಓನರ್ ಬೈತಾರೆ" ಅಂತೀರಾ? ಬಾಗಿಲ ಹಿಂದೆ ಹಳೇ ಕ್ಯಾಲೆಂಡರ್ ಅಂಟಿಸಿ. ಮನೆ ಬಿಡುವಾಗ ಸುರುಳಿ ಸುತ್ತಿಕೊಂಡು ಹೋಗಿ. ಫೋನು ಬೇಡ ಅಂತ ನಾನು ಹೇಳಿಲ್ಲ. ಮೂರು ತಿಂಗಳಿಗೊಮ್ಮೆ ಅಲಾರಾಂ ಇಡಿ. ಮಗುವಿನ ಬೆಳವಣಿಗೆ, ಲಸಿಕೆ ಬರೆಯುವ ತಾಯಿ ಕಾರ್ಡಿನ ಫೋಟೊ ತೆಗೆದಿಡಿ. ಆದರೆ ಅಳೆಯುವಾಗ ಫೋನು ಕೆಳಗಿಡಿ, ಗೆರೆ ಎಳೆಯಿರಿ! ಒಂದಲ್ಲ, ಸಾಲಾಗಿ ಎಳೆಯಿರಿ! ತಾರೀಕು ಹಾಕಿ! ನಿಮ್ಮ ಮನೆ ಗೋಡೆಯ ಫೋಟೊ ನನಗೆ ಕಳಿಸಿ, ಎಲ್ಲವನ್ನೂ ನೋಡುತ್ತೇನೆ.

ಇವತ್ತು ನಮ್ಮಲ್ಲೂ ಅಳೆಯುವ ದಿನ. ಮಗಳು ಆಗಲೇ ಗೋಡೆಗೆ ಬೆನ್ನು ಕೊಟ್ಟು ನಿಂತು ಕರೆಯುತ್ತಿದ್ದಾಳೆ. ಬಂದೆ ಮಗಾ, ಮೊದಲು ಜುಟ್ಟು ಬಿಚ್ಚು.