ಜಾಮೀನು ನಿಂತವರು ಯಾರು?

ಎಲ್ಲರಿಗೂ ನಮಸ್ಕಾರ.

ಇಂದು ಆಗಸ್ಟ್ 12. 1949ರಲ್ಲಿ ಇದೇ ದಿನ ಜಿನೀವಾದಲ್ಲಿ ನಾಲ್ಕು ಒಪ್ಪಂದಗಳಿಗೆ ಸಹಿ ಬಿತ್ತು. ನಾಲ್ಕನೆಯದು ಯುದ್ಧದ ನಡುವೆ ಸಿಕ್ಕಿಕೊಂಡ ಸಾಮಾನ್ಯ ಜನರದ್ದು. ಈ ದಿನದ ಮಾತು ಬಂದರೆ ಎಲ್ಲರೂ 1859ರ ಸೋಲ್ಫೆರಿನೋ ಕದನದಿಂದ, ಅಲ್ಲಿನ ಗಾಯಾಳುಗಳನ್ನು ಕಂಡು ರೆಡ್‌ಕ್ರಾಸ್‌ಗೆ ನಾಂದಿ ಹಾಡಿದ ಹೆನ್ರಿ ಡ್ಯುನಾಂಟರಿಂದ ಶುರು ಮಾಡುತ್ತಾರೆ. ಆ ಕಥೆ ನಿಮಗೆ ಗೊತ್ತು. ಆದರೆ ಡ್ಯುನಾಂಟರ ಶ್ರಮದಿಂದ ಬಂದ 1864ರ ಒಪ್ಪಂದ ಗಾಯಗೊಂಡ ಸೈನಿಕರಿಗಾಗಿ ಆಗಿದ್ದು. ಗಾಯಾಳುಗಳನ್ನು ಮನೆಗೆ ಕರೆದು ಆರೈಕೆ ಮಾಡಿದ ಊರವರಿಗೆ ಅದರಲ್ಲಿ ರಕ್ಷಣೆ ಇದೆ. ಉಳಿದ ರೈತ, ಹೆಂಗಸು, ಮಗು ಅದರಲ್ಲಿ ಇಲ್ಲ.

ಅವರನ್ನು ನೆನೆದವರು ಅದಕ್ಕೂ ತುಂಬ ಹಿಂದೆ ಇದ್ದರು. ಕ್ರಿ.ಶ. 697. ಐರ್ಲೆಂಡಿನ ಬಿರ್ ಎಂಬ ಊರು. ಅಯೋನಾ ದ್ವೀಪದ ಮಠದ ಮುಖ್ಯಸ್ಥ ಅಡೊಮ್ನಾನ್ ಅಲ್ಲಿ ಒಂದು ದೊಡ್ಡ ಸಭೆ ಕರೆದ. ಯುದ್ಧದಲ್ಲಿ ಹೆಂಗಸರನ್ನು, ಮಕ್ಕಳನ್ನು, ಪಾದ್ರಿಗಳನ್ನು ಕೊಲ್ಲಬಾರದು ಎಂಬ ಕಟ್ಟಳೆ ಅಲ್ಲಿ ಆಯಿತು. ಐರ್ಲೆಂಡಿನವರು ಅದನ್ನು 'ಮುಗ್ಧರ ಕಟ್ಟಳೆ' ಎಂದು ಕರೆದರು.

ಇದರ ಹಿಂದೆ ಒಂದು ಕಥೆ ಇದೆ. ಸ್ವಲ್ಪ ವಿವರವಾಗಿ ಹೇಳುತ್ತೇನೆ, ನನಗೆ ತುಂಬ ಇಷ್ಟವಾದದ್ದು. ಕೆಲವು ಶತಮಾನ ಕಳೆದ ಮೇಲೆ ಯಾರೋ ಬರೆದಿಟ್ಟದ್ದು, ಹಾಗಾಗಿ ಇತಿಹಾಸ ಅಂತ ತಗೋಬೇಡಿ. ಅಡೊಮ್ನಾನ್ ತನ್ನ ತಾಯಿ ರೋನಾತ್ ಜೊತೆ ದಾರಿಯಲ್ಲಿ ಹೋಗುತ್ತಿದ್ದನಂತೆ. 'ಅಮ್ಮಾ, ನನ್ನ ಬೆನ್ನೇರು, ಹೊತ್ತುಕೊಂಡು ಹೋಗ್ತೀನಿ' ಅಂದ. ತಾಯಿ ಒಪ್ಪಲಿಲ್ಲ. 'ನೀನು ತಾಯಿಯ ಋಣ ತೀರಿಸುವ ಮಗ ಅಲ್ಲ' ಅಂದುಬಿಟ್ಟಳು. ಮಗನಿಗೆ ನೋವಾಯಿತು. ಹೊರುತ್ತೀನಿ, ಕೆಸರು ತಾಗದ ಹಾಗೆ ನೋಡಿಕೊಳ್ಳುತ್ತೀನಿ, ಇನ್ನೇನು ಬೇಕು? ಅವಳು ಹೇಳಿದಳು: ಹೆಂಗಸರನ್ನು ಯುದ್ಧದಿಂದ ಬಿಡಿಸು, ಕೊಲೆಯಿಂದ ಬಿಡಿಸು, ಅದೇ ನನಗೆ ಬೇಕಾದದ್ದು. ಮುಂದೆ ಹೋದರೆ ಒಂದು ರಣರಂಗ. ಒಬ್ಬ ತಾಯಿ ಸತ್ತು ಬಿದ್ದಿದ್ದಾಳೆ. ಎದೆಯ ಮೇಲೆ ಅವಳ ಮಗು. ಮಗುವಿನ ಒಂದು ಕೆನ್ನೆಯಲ್ಲಿ ಹಾಲು ಹರಿಯುತ್ತಿದೆ, ಇನ್ನೊಂದು ಕೆನ್ನೆಯಲ್ಲಿ ರಕ್ತ. ಆಮೇಲೆ ರೋನಾತ್ ಮಗನನ್ನು ಬಿಡಲೇ ಇಲ್ಲ. ಈ ಕೆಲಸ ಆಗುವವರೆಗೆ ಅವನಿಗೆ ನೆಮ್ಮದಿ ಕೊಡಲಿಲ್ಲ. ಅವನನ್ನು ಕಲ್ಲಿನ ಪೆಟ್ಟಿಗೆಯಲ್ಲಿ ಇಟ್ಟು ಹೂತಳು ಅಂತಲೂ ಕಥೆ ಹೇಳುತ್ತದೆ. ಕಾನೂನಿನ ಮುನ್ನುಡಿಯಲ್ಲಿ ಒಬ್ಬ ತಾಯಿಯ ಹಟವನ್ನು ಬರೆದಿಟ್ಟ ಆ ಲಿಪಿಕಾರನಿಗೆ ನಾನು ಕೈಮುಗಿಯುತ್ತೇನೆ.

ಕಥೆ ಹಾಗಿರಲಿ, ಕಟ್ಟಳೆಯಲ್ಲಿ ಇರುವ ಪಟ್ಟಿ ನೋಡಿ. 91 ಹೆಸರುಗಳಿವೆ. ಬಿಷಪ್‌ಗಳು, ಮಠಾಧೀಶರು, ರಾಜರು. ಐರ್ಲೆಂಡಿನವರ ಜೊತೆ ಸ್ಕಾಟ್ಲೆಂಡಿನ ಕಡೆಯ ಡಾಲ್ ರಿಯಾಟಾದವರೂ ಪಿಕ್ಟ್ ಜನರ ರಾಜನೂ ಇದ್ದಾರೆ. ಇವರು ಬರೀ ಸಾಕ್ಷಿಗಳಲ್ಲ, ಜಾಮೀನುದಾರರು. ಒಬ್ಬರ ಮೇಲೊಬ್ಬರು ದಂಡೆತ್ತಿ ಹೋಗುತ್ತಿದ್ದ ರಾಜರೇ ಜಾಮೀನು ನಿಂತರು. ಹೆಂಗಸನ್ನು ಕೊಂದವನಿಗೆ ಮರಣದಂಡನೆ, ಜೊತೆಗೆ ಅವನ ಬಂಧುಗಳು ದೊಡ್ಡ ದಂಡ ಕಟ್ಟಬೇಕು. ಇನ್ನೊಂದು ಮಾತು ಇದೆ, ಅದನ್ನು ಓದಿದಾಗಲೆಲ್ಲ ನಾನು ಒಂದು ಕ್ಷಣ ನಿಲ್ಲುತ್ತೇನೆ: ಕಣ್ಣೆದುರು ಅನ್ಯಾಯ ನಡೆಯುವಾಗ ಕೈಲಾದಷ್ಟು ತಡೆಯದೆ ಸುಮ್ನೆ ನೋಡಿದವನಿಗೂ ಮಾಡಿದವನಷ್ಟೇ ಹೊಣೆ. 697ರಲ್ಲಿ!

ಯಾವ ಒಪ್ಪಂದ ಎದುರಿಗೆ ಬಂದರೂ ನಾನು ಕೇಳುವುದು ಇದನ್ನೇ. ಯಾರು ಜಾಮೀನು? ಹೊಡೆದಾಡುವವರೇ ಜಾಮೀನು ನಿಂತಿದ್ದಾರಾ?

1785ಕ್ಕೆ ಬನ್ನಿ. ಅಮೆರಿಕ ಮತ್ತು ಜರ್ಮನ್ ರಾಜ್ಯವಾದ ಪ್ರಷ್ಯಾ ಸ್ನೇಹ–ವ್ಯಾಪಾರದ ಒಪ್ಪಂದ ಮಾಡಿಕೊಂಡವು. ಸಹಿ ಹಾಕಿದ ಅಮೆರಿಕನ್ನರು ಫ್ರಾಂಕ್ಲಿನ್, ಜೆಫರ್ಸನ್, ಆಡಮ್ಸ್. ವ್ಯಾಪಾರದ ಕಾಗದದಲ್ಲಿ 23ನೇ ವಿಧಿ ಏನು ಹೇಳುತ್ತದೆ ಗೊತ್ತಾ? ಮುಂದೆಂದಾದರೂ ನಮ್ಮಿಬ್ಬರ ಮಧ್ಯೆ ಯುದ್ಧವಾದರೆ ಹೆಂಗಸರು, ಮಕ್ಕಳು, ವಿದ್ವಾಂಸರು, ರೈತರು, ಕುಶಲಕರ್ಮಿಗಳು, ಮೀನುಗಾರರು ತಮ್ಮ ತಮ್ಮ ಕೆಲಸ ಮಾಡಿಕೊಂಡಿರಬಹುದು. ಅವರ ಮನೆ ಸುಡಬಾರದು, ಹೊಲ ಹಾಳು ಮಾಡಬಾರದು. ಏನಾದರೂ ತೆಗೆದುಕೊಳ್ಳಲೇಬೇಕಾದರೆ ನ್ಯಾಯವಾದ ಬೆಲೆ ಕೊಡಬೇಕು. 24ನೇ ವಿಧಿ ಕೈದಿಗಳದ್ದು. ಅದರ ಕೊನೆಯಲ್ಲಿ ಇನ್ನೂ ಗಟ್ಟಿ ಮಾತು: ಯುದ್ಧ ಬಂದರೆ ಒಪ್ಪಂದಗಳೆಲ್ಲ ರದ್ದು ಎಂಬ ನೆಪ ಈ ಎರಡು ವಿಧಿಗಳಿಗೆ ನಡೆಯುವುದಿಲ್ಲ. ಎಷ್ಟು ಮುಂದಾಲೋಚನೆ, ಅಲ್ವಾ? 1799ರಲ್ಲೂ 1828ರಲ್ಲೂ ಇವನ್ನು ಉಳಿಸಿಕೊಂಡರು.

ಆದರೆ ಪ್ರಷ್ಯಾ ಮತ್ತು ಅಮೆರಿಕದ ನಡುವೆ ಒಂದು ಸಾಗರವೇ ಇತ್ತು. ಇದೇ ಅಮೆರಿಕದ ಸೇನೆ 1779ರಲ್ಲಿ, ಸಲಿವನ್ ದಂಡಯಾತ್ರೆಯಲ್ಲಿ, ಅಲ್ಲಿನ ಮೂಲನಿವಾಸಿಗಳಾದ ಇರೊಕ್ವಾ ಜನರ ಸುಮಾರು 40 ಊರುಗಳನ್ನು ಸುಟ್ಟಿತು, ನಿಂತ ಬೆಳೆಯನ್ನು ನಾಶ ಮಾಡಿತು. ದೂರದ ಪ್ರಷ್ಯಾದ ರೈತನಿಗೆ 23ನೇ ವಿಧಿ, ಪಕ್ಕದ ಇರೊಕ್ವಾ ರೈತ ಮಹಿಳೆಗೆ ಬೆಂಕಿ. ಬಿರ್‌ನ ಸಣ್ಣ ರಾಜರನ್ನು ನಾನು ಜಾಸ್ತಿ ಗೌರವಿಸುವುದು ಇದಕ್ಕೇ. ಅವರು ಪಕ್ಕದ ಶತ್ರುವಿಗೆ ಮಾತು ಕೊಟ್ಟರು.

ಜಾಮೀನಿನ ಮಾತು ಬಂದಾಗ ನಮ್ಮ ಶ್ರೀರಂಗಪಟ್ಟಣ ನೆನಪಾಗದೆ ಇರದು. 1792ರ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಡಬೇಕಾಯಿತು, ಮೇಲೆ 3 ಕೋಟಿ 30 ಲಕ್ಷ ರೂಪಾಯಿ. ಅದು ಸಲ್ಲುವವರೆಗೆ ಜಾಮೀನಾಗಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಕೈಗೆ ಹೋದವರು ಯಾರು? ಟಿಪ್ಪುವಿನ ಇಬ್ಬರು ಗಂಡುಮಕ್ಕಳು. ಒಬ್ಬನಿಗೆ 10, ಇನ್ನೊಬ್ಬನಿಗೆ 8ರ ಸುಮಾರು. ಮಕ್ಕಳಿಗಾಗಿ ರಾಜರು ಜಾಮೀನು ನಿಲ್ಲುವುದು ಬಿಟ್ಟು, ರಾಜರಿಗಾಗಿ ಮಕ್ಕಳು ನಿಂತರು. 1794ರಲ್ಲಿ ಅವರು ವಾಪಸ್ ಬಂದರು.

ಸಮಯ ಮುಗಿಯುತ್ತಾ ಬಂತು ಅಂತ ಚೀಟಿ ಬಂದಿದೆ. 1899 ಮತ್ತು 1907ರ ಹೇಗ್ ಸಮ್ಮೇಳನಗಳ ಬಗ್ಗೆ ಒಂದೇ ಮಾತು: ರಕ್ಷಣೆಯಿಲ್ಲದ ಊರುಗಳ ಮೇಲೆ ಗುಂಡಿನ ಮಳೆ ಸುರಿಸಬಾರದು ಎಂದು ಅಲ್ಲಿ ಬರೆದರು. 1934ರಲ್ಲಿ ಟೋಕಿಯೋದಲ್ಲಿ ರೆಡ್‌ಕ್ರಾಸ್ ಸಮ್ಮೇಳನ ನಾಗರಿಕರಿಗಾಗಿಯೇ ಒಂದು ಕರಡು ಒಪ್ಪಿತು. ಅದು ಒಪ್ಪಂದವಾಗುವ ಮೊದಲೇ ಎರಡನೇ ಮಹಾಯುದ್ಧ ಬಂತು.

1949ಕ್ಕೆ ಬರೋಣ. ಆ ನಾಲ್ಕೂ ಒಪ್ಪಂದಗಳ ಮೊದಲ ವಿಧಿ ಒಂದೇ: ಸಹಿ ಹಾಕಿದ ದೇಶ ತಾನೂ ಪಾಲಿಸಬೇಕು, ಬೇರೆಯವರೂ ಪಾಲಿಸುವಂತೆ ನೋಡಿಕೊಳ್ಳಬೇಕು. ಬಿರ್‌ನ ಜಾಮೀನು ಮತ್ತೆ ಬಂದಿತು ಅಂತಲೇ ನಾನು ಓದುತ್ತೇನೆ. ಭಾರತ 1950ರಲ್ಲಿ ಒಪ್ಪಿತು, 1960ರಲ್ಲಿ ಕಾಯ್ದೆಯನ್ನೂ ಮಾಡಿತು. ಆದರೆ ನಾಲ್ಕನೇ ಒಪ್ಪಂದ ಮುಖ್ಯವಾಗಿ ಶತ್ರುವಿನ ಕೈಗೆ ಸಿಕ್ಕ ಜನರ ಬಗ್ಗೆ ಮಾತಾಡುತ್ತದೆ. ಮೇಲಿನಿಂದ ಬೀಳುವ ಬಾಂಬಿನ ಬಗ್ಗೆ ವಿವರವಾದ ನಿಯಮ ಬಂದದ್ದು 1977ರಲ್ಲಿ, ಈ ಒಪ್ಪಂದಗಳಿಗೆ ಸೇರಿಸಿದ ಮೊದಲ ಹೆಚ್ಚುವರಿ ಪ್ರೋಟೊಕಾಲ್‌ನಲ್ಲಿ. ಅದಕ್ಕೆ ಭಾರತ ಸೇರಿಲ್ಲ. ಸೇರಲೇಬೇಕು ಅನ್ನುವವನು ನಾನು. ಯಾಕೆ ಸೇರಿಲ್ಲ ಅಂತ ನಿಮ್ಮ ಸಂಸದರಿಗೆ ಒಂದು ಕಾಗದ ಬರೆದು ಕೇಳಿ. ವಿಳಾಸ, ವಿಧಿಗಳ ನಕಲು ಬೇಕಾದವರು ಸಭೆ ಮುಗಿದ ಮೇಲೆ ನನ್ನ ಹತ್ತಿರ ಬನ್ನಿ.